ಓದುಗರ ಪ್ರಶ್ನೆ, ವಕೀಲರ ಉತ್ತರ: ಅವಧಿ ಮುಗಿಯುವ ಮುನ್ನ ಕೆಲಸ ಬಿಡಬಹುದೇ?

ಪ್ರಶ್ನೆ: ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಟ್ರೈನಿಯಾಗಿ ಸೇರಿದೆ. ಸೇರುವಾಗ, ಎರಡು ವರ್ಷ ಕಡ್ಡಾಯವಾಗಿ ಕೆಲಸ ಮಾಡಬೇಕು, ನಡುವೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಬಾಂಡ್‌ಗೆ 100 ರೂಪಾಯಿಯ ಛಾಪಾ ಕಾಗದದ ಮೇಲೆ ಸಹಿ ಮಾಡಿಸಿಕೊಂಡರು. ಮೊತ್ತ ಬರೆಯದೆ ಸಹಿ ಮಾತ್ರ ಹಾಕಿದ ಒಂದು ಚೆಕ್ಕನ್ನೂ ಇಟ್ಟುಕೊಂಡರು. ತರಬೇತಿ ಎಂದರೆ ಮೂರು ವಾರ ಹಿರಿಯ ಸಹೋದ್ಯೋಗಿಯೊಬ್ಬರ ಪಕ್ಕ ಕೂತು ಕೆಲಸ ನೋಡಿದ್ದು ಅಷ್ಟೇ. ಈಗ 14 ತಿಂಗಳಾಗಿದೆ. ತಂದೆಯವರ ಆರೋಗ್ಯ ಸರಿಯಿಲ್ಲ, ನಮ್ಮೂರಿನಲ್ಲೇ ಬೇರೆ ಕೆಲಸ ಸಿಕ್ಕಿದೆ. ಬಿಡುತ್ತೇನೆ ಎಂದಾಗ ಎಚ್‌ಆರ್ ವಿಭಾಗದವರು ಪೊಲೀಸ್ ದೂರು ಕೊಡುತ್ತೇವೆ, ಚೆಕ್ ಬ್ಯಾಂಕಿಗೆ ಹಾಕುತ್ತೇವೆ ಎನ್ನುತ್ತಿದ್ದಾರೆ. ಛಾಪಾ ಕಾಗದದ ಬೆಲೆ ಕಡಿಮೆಯಿರುವುದರಿಂದ ಬಾಂಡ್ ನಿಲ್ಲುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ದಯವಿಟ್ಟು ದಾರಿ ತೋರಿಸಿ. (ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ಪೊಲೀಸ್ ದೂರಿನ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಎಂದು ಪತ್ರದಿಂದ ತಿಳಿಯುತ್ತದೆ. ಕೆಲಸದ ಕರಾರಿನಿಂದ ಅವಧಿಗೆ ಮುನ್ನ ಹೊರಬರುವುದು ಅಪರಾಧವಲ್ಲ. ಅದು ನಿಮ್ಮ ಮತ್ತು ಕಂಪನಿಯ ನಡುವಿನ ಸಿವಿಲ್ ವಿಷಯ. ಒಂದು ಕಾಲದಲ್ಲಿ ಹೀಗಿರಲಿಲ್ಲ. 1859ರಲ್ಲಿ ಬ್ರಿಟಿಷ್ ಆಡಳಿತ ತಂದ ಕಾಯ್ದೆಯೊಂದರ ಪ್ರಕಾರ, ಮುಂಗಡ ಹಣ ಪಡೆದು ಕೆಲಸ ಪೂರೈಸದ ಕುಶಲಕರ್ಮಿಯನ್ನೋ ಕೂಲಿಕಾರನನ್ನೋ ಮ್ಯಾಜಿಸ್ಟ್ರೇಟರು ಮೂರು ತಿಂಗಳವರೆಗೆ ಸೆರೆಮನೆಗೆ ಕಳಿಸಬಹುದಾಗಿತ್ತು. 1925ರಲ್ಲಿ ಆ ಕಾಯ್ದೆಯನ್ನು ರದ್ದುಪಡಿಸಲಾಯಿತು. ಅಂದು ಹೋದ ಅಧಿಕಾರ ಇನ್ನೂ ತಮ್ಮ ಕೈಯಲ್ಲಿದೆ ಎಂಬಂತೆ ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನ ಹುಡುಗ ಹುಡುಗಿಯರನ್ನು ಹೆದರಿಸುವುದು ತಪ್ಪು ಎಂದು ನಾನು ದೃಢವಾಗಿ ನಂಬಿದ್ದೇನೆ. ಕಂಪನಿಯ ಲ್ಯಾಪ್‌ಟಾಪ್, ಹಣ ಅಥವಾ ಗ್ರಾಹಕರ ಮಾಹಿತಿಯನ್ನು ನೀವು ಒಯ್ದರೆ ಮಾತು ಬೇರೆ. ಹಾಗೇನೂ ಇಲ್ಲದಿದ್ದರೆ ರಾಜೀನಾಮೆಯಲ್ಲಿ ಪೊಲೀಸರಿಗೆ ಕೆಲಸವಿಲ್ಲ.

ಹಾಗೆಯೇ, ಎರಡು ವರ್ಷ ಮುಗಿಯುವವರೆಗೆ ಕೆಲಸ ಮಾಡಲೇಬೇಕೆಂದು ಯಾವ ನ್ಯಾಯಾಲಯವೂ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ವ್ಯಕ್ತಿಯ ಸ್ವಂತ ಅರ್ಹತೆ, ಕೌಶಲಗಳನ್ನು ಅವಲಂಬಿಸಿದ ಕರಾರನ್ನು ಯಥಾವತ್ತಾಗಿ ಜಾರಿ ಮಾಡಿಸಲು ಬರುವುದಿಲ್ಲವೆಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಂ ಹೇಳುತ್ತದೆ. ಇದಕ್ಕೆ ಅಂಟಿಕೊಂಡ ಒಂದು ಎಚ್ಚರಿಕೆಯನ್ನು ಮಾತ್ರ ನೀವು ಗಮನಿಸಬೇಕು. ಕರಾರಿನ ಅವಧಿಯೊಳಗೆ ಪ್ರತಿಸ್ಪರ್ಧಿ ಸಂಸ್ಥೆಯಲ್ಲಿ ದುಡಿಯುವಂತಿಲ್ಲ ಎಂಬ ಷರತ್ತು ನಿಮ್ಮ ಪತ್ರದಲ್ಲಿದ್ದರೆ, ಆ ಷರತ್ತಿನ ಮಟ್ಟಿಗೆ ನ್ಯಾಯಾಲಯ ತಡೆಯಾಜ್ಞೆ ಕೊಡಬಹುದು. ಸೆಂಚುರಿ ಸ್ಪಿನ್ನಿಂಗ್ ಕಂಪನಿಯಲ್ಲಿ ಐದು ವರ್ಷದ ಕರಾರಿಗೆ ಒಪ್ಪಿ, ಟೈರಿನ ನೂಲು ತಯಾರಿಸುವ ವಿಶೇಷ ತರಬೇತಿ ಪಡೆದು, ಮಧ್ಯದಲ್ಲೇ ಬಿಟ್ಟು ಪ್ರತಿಸ್ಪರ್ಧಿ ಕಾರ್ಖಾನೆಗೆ ಸೇರಿದ ನೌಕರರೊಬ್ಬರ ವಿಷಯದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ಅಂಥ ತಡೆಯಾಜ್ಞೆಯನ್ನು ಎತ್ತಿಹಿಡಿದಿದೆ. ಅದು ಗುಟ್ಟಿನ ತಂತ್ರಜ್ಞಾನ ಕೈಗೆ ಬಂದಿದ್ದ ಪ್ರಕರಣ. ಮೂರು ವಾರ ಪಕ್ಕದಲ್ಲಿ ಕೂತು ಕೆಲಸ ನೋಡಿದವರನ್ನು ಆ ಸಾಲಿಗೆ ಸೇರಿಸುವುದು ಕಷ್ಟ. ಆದರೂ ನಿಮ್ಮ ಹೊಸ ಕೆಲಸ ಪ್ರತಿಸ್ಪರ್ಧಿ ಕಂಪನಿಯದ್ದೇ ಎಂಬುದನ್ನು ಒಮ್ಮೆ ನೋಡಿಕೊಳ್ಳಿ.

ಇನ್ನು ಹಣದ ವಿಷಯ. ನಿಜವಾದ ವ್ಯಾಜ್ಯ ಇರುವುದು ಇಲ್ಲಿಯೇ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರು ಮುರಿದರೆ ಇಷ್ಟು ಹಣ ಕೊಡಬೇಕೆಂದು ಮೊದಲೇ ಬರೆದುಕೊಂಡಿದ್ದರೆ, ಆ ಮೊತ್ತ ಗರಿಷ್ಠ ಮಿತಿ ಮಾತ್ರ. ನ್ಯಾಯಾಲಯ ಕೊಡಿಸುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರವನ್ನು. ಆದ್ದರಿಂದ ಬಾಂಡ್‌ನಲ್ಲಿ 2 ಲಕ್ಷ ಎಂದು ಬರೆದ ಮಾತ್ರಕ್ಕೆ 2 ಲಕ್ಷ ಬಾಕಿಯಾಗುವುದಿಲ್ಲ. ದೆಹಲಿ ಹೈಕೋರ್ಟ್ 2011ರಲ್ಲಿ ತೀರ್ಮಾನಿಸಿದ ಸಿಕ್ಪಾ ಇಂಡಿಯಾ ಪ್ರಕರಣ ನಿಮ್ಮ ಸಂದರ್ಭಕ್ಕೆ ತುಂಬ ಹತ್ತಿರದ್ದು. ಅಲ್ಲಿಯೂ ಬಾಂಡ್ ಮೊತ್ತ 2 ಲಕ್ಷ ರೂಪಾಯಿ, ಅವಧಿ ಮೂರು ವರ್ಷ. ನೌಕರರು ಎರಡು ವರ್ಷ ದುಡಿದು ಬಿಟ್ಟಿದ್ದರು. ಕಂಪನಿ ತರಬೇತಿಗೆ ಮಾಡಿದ ಖರ್ಚು 67,595 ರೂಪಾಯಿ ಎಂದು ತಿಳಿದುಬಂತು. ಬಾಕಿ ಉಳಿದಿದ್ದು ಅವಧಿಯ ಮೂರನೇ ಒಂದು ಭಾಗವಾದ್ದರಿಂದ ಕೆಳ ನ್ಯಾಯಾಲಯ ಕೊಡಿಸಿದ್ದು 22,532 ರೂಪಾಯಿ. ಹೈಕೋರ್ಟ್ ಅದನ್ನು ಬದಲಿಸಲಿಲ್ಲ. ನಿಮ್ಮ ಕಂಪನಿಯೂ ನಿಮಗಾಗಿ ಏನು ಖರ್ಚು ಮಾಡಿತೆಂದು ತೋರಿಸಬೇಕಾಗುತ್ತದೆ. ಹೊರಗಿನ ಸಂಸ್ಥೆಗೆ ಶುಲ್ಕ ಕಟ್ಟಿದ ರಸೀದಿಯಾಗಲಿ, ಪ್ರಮಾಣಪತ್ರ ಕೊಡುವ ಕೋರ್ಸಾಗಲಿ, ವಿದೇಶ ಪ್ರಯಾಣವಾಗಲಿ ಇಲ್ಲದಿದ್ದರೆ ಅವರ ಬೇಡಿಕೆ ಬಹಳ ದುರ್ಬಲವಾಗುತ್ತದೆ.

ಇಷ್ಟು ಓದಿ ಬಾಂಡ್‌ಗೆ ಬೆಲೆಯೇ ಇಲ್ಲವೆಂದು ತಿಳಿಯಬೇಡಿ. ಸುಪ್ರೀಂ ಕೋರ್ಟ್ 2025ರ ಮೇ 14ರಂದು ಕೊಟ್ಟ ತೀರ್ಪೊಂದು ಕಂಪನಿಗಳ ವಕೀಲರ ಕೈಯಲ್ಲಿ ಈಗ ಸದಾ ಇರುತ್ತದೆ, ಮತ್ತು ಅದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ. ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕ್, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ನೇಮಕಾತಿ ಪ್ರಕಟಣೆಯಲ್ಲೇ ಹಾಕಿತ್ತು. 2007ರಲ್ಲಿ ಸೀನಿಯರ್ ಮ್ಯಾನೇಜರ್ ಆಗಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಇನ್ನೊಂದು ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟು, ಆಕ್ಷೇಪ ದಾಖಲಿಸಿ ಹಣ ಕಟ್ಟಿದರು. ಆಮೇಲೆ ಷರತ್ತನ್ನೇ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟರೆ, ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕೆಲಸದ ಅವಧಿಯೊಳಗೆ ಅನ್ವಯವಾಗುವ ಇಂಥ ಷರತ್ತು ಉದ್ಯೋಗ ಸ್ವಾತಂತ್ರ್ಯಕ್ಕೆ ಕಾಯ್ದೆ ನಿಷೇಧಿಸಿದ ರೀತಿಯ ಅಡ್ಡಿಯಲ್ಲ, ಸಾರ್ವಜನಿಕ ನೀತಿಗೆ ವಿರುದ್ಧವೂ ಅಲ್ಲ ಎಂಬುದು ಅದರ ನಿಲುವು.

ತೀರ್ಪಿನ ಕಾರಣಗಳನ್ನು ಓದಿದರೆ ನಿಮ್ಮ ಪ್ರಕರಣ ಎಷ್ಟು ಬೇರೆ ಎಂಬುದು ಕಾಣುತ್ತದೆ. ಸಾರ್ವಜನಿಕ ವಲಯದ ಬ್ಯಾಂಕು ಸಂವಿಧಾನದ ಸಮಾನ ಅವಕಾಶದ ನಿಯಮಕ್ಕೆ ಬದ್ಧವಾಗಿ, ಬಹಿರಂಗ ಪ್ರಕಟಣೆ ಹೊರಡಿಸಿ, ದೊಡ್ಡ ವೆಚ್ಚದಲ್ಲಿ ನೇಮಕಾತಿ ನಡೆಸಬೇಕು. ಅಧಿಕಾರಿ ಹೋದರೆ ಆ ಇಡೀ ಪ್ರಕ್ರಿಯೆಯನ್ನು ಮತ್ತೆ ಮಾಡಬೇಕು. ಆ ಅಧಿಕಾರಿಯ ಹುದ್ದೆ, ಸಂಬಳಗಳಿಗೆ ಹೋಲಿಸಿದರೆ 2 ಲಕ್ಷ ರಾಜೀನಾಮೆಯನ್ನೇ ಅಸಾಧ್ಯವಾಗಿಸುವ ಮೊತ್ತವೂ ಆಗಿರಲಿಲ್ಲ. ಒಂದು ಸಂದರ್ಶನದಲ್ಲಿ ಹೊಸಬರನ್ನು ಸೇರಿಸಿಕೊಂಡು, ಅವರ ಹಲವು ತಿಂಗಳ ಸಂಬಳಕ್ಕೆ ಸಮನಾದ ಮೊತ್ತವನ್ನು ಬಾಂಡ್‌ನಲ್ಲಿ ಬರೆಸಿಕೊಳ್ಳುವ ಖಾಸಗಿ ಕಂಪನಿ ಇದೇ ತೀರ್ಪನ್ನು ಹಾಗೆಯೇ ಬಳಸಿಕೊಳ್ಳಲಾಗದು ಎಂಬುದು ನನ್ನ ಅಭಿಪ್ರಾಯ.

ಛಾಪಾ ಕಾಗದದ ಬಗ್ಗೆ ಸ್ನೇಹಿತರು ಹೇಳಿದ್ದನ್ನು ನಂಬಿ ಕೂರಬೇಡಿ. ಮುದ್ರಾಂಕ ಶುಲ್ಕ ಕಡಿಮೆಯಾದರೆ ಬಾಂಡ್ ಸಾಯುವುದಿಲ್ಲ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ಕೊರತೆಯ ಶುಲ್ಕವನ್ನೂ ಅದರ ಹತ್ತುಪಟ್ಟು ದಂಡವನ್ನೂ ಕಟ್ಟಿ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದಿರುವುದು ಆ ಚೆಕ್ಕು. ಚೆಕ್ ಬೌನ್ಸ್ ಆದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅಡಿ ಕ್ರಿಮಿನಲ್ ಪ್ರಕರಣ ಹೂಡಲು ಬರುತ್ತದೆ. ಸಹಿ ಹಾಕಿ ಖಾಲಿ ಕೊಟ್ಟ ಚೆಕ್ಕನ್ನು ಬೇರೆಯವರು ತುಂಬಿದರೂ, ಅದನ್ನು ಸಾಲ ತೀರಿಸಲು ಕೊಟ್ಟದ್ದೆಂದೇ ಕಾನೂನು ಮೊದಲಿಗೆ ಭಾವಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಲ್ಲವೆಂದು ತೋರಿಸುವ ಹೊಣೆ ಸಹಿ ಮಾಡಿದವರದು. ಬ್ಯಾಂಕಿಗೆ ಹೇಳಿ ಪಾವತಿ ತಡೆಹಿಡಿದರೂ ಈ ಕಲಂನಿಂದ ತಾನಾಗಿ ಪಾರಾಗುವುದಿಲ್ಲ. ಆದ್ದರಿಂದ ರಾಜೀನಾಮೆಯ ಜೊತೆಯಲ್ಲೇ, ಈ ಸಂಖ್ಯೆಯ ಚೆಕ್ಕನ್ನು ಸೇರುವ ದಿನ ಭದ್ರತೆಗಾಗಿ ಖಾಲಿಯಾಗಿ ಪಡೆದಿದ್ದೀರಿ, ನಾನು ಯಾವ ಸಾಲವನ್ನೂ ಪಡೆದಿಲ್ಲ, ಅದನ್ನು ಹಾಜರುಪಡಿಸದೆ ಹಿಂದಿರುಗಿಸಿ ಎಂದು ಲಿಖಿತವಾಗಿ ತಿಳಿಸಿ. ಚೆಕ್ ಬೌನ್ಸ್ ಆದರೆ ಕಂಪನಿ 30 ದಿನದೊಳಗೆ ನಿಮಗೆ ನೋಟಿಸ್ ಕೊಡಬೇಕು. ಅದು ತಲುಪಿದ ಮೇಲೆ ನಿಮಗೆ 15 ದಿನ ಸಿಗುತ್ತದೆ. ಆ 15 ದಿನವನ್ನು ಸುಮ್ಮನೆ ಕಳೆಯಬೇಡಿ, ವಕೀಲರ ಮೂಲಕ ಉತ್ತರ ಕೊಡಿಸಿ. ನಿಮ್ಮ ಬಾಂಡ್ ಮತ್ತು ನೇಮಕಾತಿ ಪತ್ರಗಳೇ ನಿಮ್ಮ ಒಳ್ಳೆಯ ಸಾಕ್ಷಿಗಳಾಗುತ್ತವೆ, ಆದ್ದರಿಂದ ಅವುಗಳ ಪ್ರತಿ ಕೈಯಲ್ಲಿರಲಿ.

ಬಿಡುವ ಕ್ರಮವೂ ಮುಖ್ಯ. ನೇಮಕಾತಿ ಪತ್ರವನ್ನು ಪೂರ್ತಿ ಓದಿ: ಯಾರು ಬೇಕಾದರೂ ಒಂದು ತಿಂಗಳ ಅಥವಾ ಎರಡು ತಿಂಗಳ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು ಎಂಬ ಸಾಲು ಅದರಲ್ಲಿದ್ದರೆ, ನೋಟಿಸ್ ಕೊಟ್ಟು ಹೋಗುವುದು ಕರಾರನ್ನು ಮುರಿದಂತಲ್ಲ ಎಂದು ವಾದಿಸಲು ಅವಕಾಶವಿದೆ. ರಾಜೀನಾಮೆಯನ್ನು ಇಮೇಲ್‌ನಲ್ಲೂ, ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ತಂದೆಯವರ ಆರೋಗ್ಯದ ವಿಷಯವನ್ನು ದಾಖಲೆ ಸಮೇತ ಬರೆಯಿರಿ. ನೋಟಿಸ್ ಅವಧಿ ಮುಗಿಸಿ, ಕೆಲಸವನ್ನು ಮುಂದಿನವರಿಗೆ ಒಪ್ಪಿಸಿ, ಲ್ಯಾಪ್‌ಟಾಪ್ ಹಿಂದಿರುಗಿಸಿದ್ದಕ್ಕೆ ರಸೀದಿ ಪಡೆಯಿರಿ. ಹೇಳದೆ ಕೇಳದೆ ಹೋಗಿ ಫೋನ್ ಎತ್ತದೆ ಇರುವವರ ಪ್ರಕರಣಗಳನ್ನು ನಡೆಸುವುದು ವಕೀಲರಿಗೆ ಬಹಳ ಕಷ್ಟ. ಮಾತುಕತೆಗೆ ಅವರು ಒಪ್ಪಿದರೆ, 24 ತಿಂಗಳಲ್ಲಿ ಬಾಕಿ ಉಳಿದದ್ದು 10 ತಿಂಗಳು, ಅಂದರೆ ಪೂರ್ತಿ ಮೊತ್ತವನ್ನೇ ಒಪ್ಪಿಕೊಂಡರೂ ಲೆಕ್ಕ 83,333 ರೂಪಾಯಿಗೆ ಇಳಿಯುತ್ತದೆ ಎಂಬಲ್ಲಿಂದ ಮಾತು ಶುರುಮಾಡಿ. ಅಲ್ಲಿಂದ ಕೆಳಗೆ, ನಿಜವಾದ ತರಬೇತಿ ಖರ್ಚಿನ ಕಡೆಗೆ ಎಳೆಯಿರಿ. ಏನೇ ಕೊಟ್ಟರೂ ಚೆಕ್ ಮತ್ತು ಬಾಂಡ್ ಹಿಂದೆ ಬಂದ ಮೇಲೆ, ಬಾಕಿ ಏನೂ ಇಲ್ಲ ಎಂಬ ಪತ್ರದ ಎದುರಿಗೇ ಕೊಡಿ.

ಕೊನೆಯ ಸಂಬಳವನ್ನು ಹಿಡಿದಿಟ್ಟುಕೊಳ್ಳುವ ರೂಢಿಯೂ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ, ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕೆಂದು ವಿಧಿಸುತ್ತದೆ. ಪಿಎಫ್ ಖಾತೆಯಲ್ಲಿ ಕಂಪನಿ ನೀವು ಬಿಟ್ಟ ದಿನಾಂಕವನ್ನು ನಮೂದಿಸದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ನೀವೇ ಇಪಿಎಫ್‌ಒ ಜಾಲತಾಣದಲ್ಲಿ ನಮೂದಿಸಬಹುದು. ಕಂಪನಿ ದಾವೆ ಹೂಡುವುದಾದರೆ ಕರಾರು ಮುರಿದ ದಿನದಿಂದ ಮೂರು ವರ್ಷದೊಳಗೆ ಹೂಡಬೇಕು. ಅಲ್ಲಿಯವರೆಗೆ ಎಲ್ಲ ಕಾಗದಗಳನ್ನೂ ಜೋಪಾನವಾಗಿಡಿ.

ಪ್ರಶ್ನೆ: ನಾನು ಉಡುಪಿಯವನು, ಶಾರ್ಜಾದ ಒಂದು ವ್ಯಾಪಾರ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದೇನೆ. ಕರಾರು ಎರಡು ವರ್ಷದ್ದು, ಹತ್ತು ತಿಂಗಳು ಮುಗಿದಿದೆ, ಪ್ರೊಬೇಷನ್ ಕಳೆದಿದೆ. ದುಬೈಯಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ನಡುವೆ ಬಿಟ್ಟರೆ ವೀಸಾ ಖರ್ಚು ಕೊಡಬೇಕು, 45 ದಿನದ ಸಂಬಳ ದಂಡ, ಮೇಲಿಂದ ಬ್ಯಾನ್ ಎಂದು ಮಾಲೀಕರು ಹೇಳುತ್ತಾರೆ. ಪಾಸ್‌ಪೋರ್ಟ್ ಅವರ ಬಳಿಯೇ ಇದೆ. (ಹೆಸರು ಬೇಡ, ಶಾರ್ಜಾ)

ಉತ್ತರ: ಮಾಲೀಕರು ಹೇಳುತ್ತಿರುವುದು 1980ರ ಹಳೆಯ ಕಾನೂನನ್ನು. ಅವಧಿ ಕರಾರನ್ನು ಮಧ್ಯದಲ್ಲಿ ಬಿಟ್ಟ ಕಾರ್ಮಿಕ ಮೂರು ತಿಂಗಳ ವೇತನದ ಅರ್ಧದವರೆಗೆ ಪರಿಹಾರ ಕೊಡಬೇಕೆಂದು ಅದರಲ್ಲಿತ್ತು, ಗಲ್ಫ್‌ನಲ್ಲಿ ಹಿಂದೆ ದುಡಿದ ನಮ್ಮ ಕರಾವಳಿಯ ಹಿರಿಯರು ಇಂದಿಗೂ ಅದನ್ನೇ ನೆನಪಿಟ್ಟು ಸಲಹೆ ಕೊಡುತ್ತಾರೆ. 2021ರ 33ನೇ ಸಂಖ್ಯೆಯ ಕಾನೂನು 2022ರ ಫೆಬ್ರವರಿ 2ರಂದು ಯುಎಇಯಲ್ಲಿ ಜಾರಿಗೆ ಬಂದ ಮೇಲೆ ಆ ವ್ಯವಸ್ಥೆ ಹೋಯಿತು. ಈಗ ಅವಧಿ ಕರಾರನ್ನೂ ಸಕಾರಣವಿದ್ದರೆ ಲಿಖಿತ ನೋಟಿಸ್ ಕೊಟ್ಟು ಮುಗಿಸಬಹುದು. ನೋಟಿಸ್ 30 ದಿನಕ್ಕಿಂತ ಕಡಿಮೆಯಿರಬಾರದು, 90 ದಿನ ಮೀರಬಾರದು. ನಿಮ್ಮ ಕರಾರಿನಲ್ಲಿ ಎಷ್ಟು ಬರೆದಿದೆಯೋ ಅಷ್ಟು ಕೊಡಿ. ನೋಟಿಸ್ ಅವಧಿಯಲ್ಲಿ ದುಡಿಯದಿದ್ದರೆ ಆ ದಿನಗಳ ವೇತನವನ್ನು ನೀವು ಕೊಡಬೇಕಾಗುತ್ತದೆ. ನೇಮಕಾತಿಯ ವೆಚ್ಚವನ್ನು ಕಾರ್ಮಿಕನಿಂದ ವಸೂಲಿ ಮಾಡುವಂತಿಲ್ಲ, ಅವನ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಕಾನೂನು ಹೇಳುತ್ತದೆ. ಪಾಸ್‌ಪೋರ್ಟನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ನಿಮ್ಮ ಹತ್ತು ತಿಂಗಳ ಲೆಕ್ಕದಲ್ಲಿ ಒಂದು ವಿಷಯ ಅಡಗಿದೆ. ಒಂದು ವರ್ಷ ಪೂರೈಸಿದವರಿಗೆ ಮಾತ್ರ ಗ್ರಾಚ್ಯುಟಿ, ವರ್ಷಕ್ಕೆ 21 ದಿನದ ಮೂಲವೇತನದಂತೆ ಸಿಗುತ್ತದೆ. ನೋಟಿಸ್ ಅವಧಿಯಲ್ಲಿ ಕರಾರು ಜೀವಂತವಾಗಿರುವುದರಿಂದ ಅದೂ ಸೇವೆಗೆ ಸೇರುತ್ತದೆ. ನಿಮ್ಮ ನೋಟಿಸ್ 60 ದಿನದ್ದಾದರೆ, ಅಥವಾ ಕೆಲವು ದಿನ ಕಾದು ಕೊಟ್ಟರೆ, ವರ್ಷ ತುಂಬಿಯೇ ಹೊರಬರುತ್ತೀರಿ; ಸಂಬಳವಿಲ್ಲದ ರಜೆ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲ ಬಾಕಿಯನ್ನೂ ಕರಾರು ಮುಗಿದ 14 ದಿನದೊಳಗೆ ಕೊಡಬೇಕು. ಬ್ಯಾನ್ ಎಂಬ ಮಾತು ನಿಜವಾಗುವುದು, ಕರಾರು ಮುಗಿಯುವ ಮುನ್ನ ಸಕಾರಣವಿಲ್ಲದೆ ಕೆಲಸಕ್ಕೆ ಬರುವುದನ್ನೇ ನಿಲ್ಲಿಸಿದರೆ. ಆಗ ಒಂದು ವರ್ಷ ಹೊಸ ಕೆಲಸದ ಪರವಾನಗಿ ಸಿಗುವುದಿಲ್ಲ. ಆದ್ದರಿಂದ ಒಂದು ದಿನವೂ ತಪ್ಪಿಸದೆ ನೋಟಿಸ್ ಅವಧಿ ಪೂರೈಸಿ. ಮಾಲೀಕರು ಒಪ್ಪದಿದ್ದರೆ ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಕೊಡಿ. 2024ರ ಆರಂಭದಿಂದ 50,000 ದಿರ್ಹಮ್‌ವರೆಗಿನ ವ್ಯಾಜ್ಯಗಳಲ್ಲಿ ಸಚಿವಾಲಯವೇ ತೀರ್ಮಾನ ಕೊಡಬಲ್ಲದು. ದುಬೈಯ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದಲ್ಲೂ ಸಲಹೆ ಸಿಗುತ್ತದೆ.

ಪ್ರಶ್ನೆ: ನನ್ನ ಮಗಳು ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಎರಡು ವರ್ಷದ ಬಾಂಡ್ ಎಂದು ಅವಳ ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಇಟ್ಟುಕೊಂಡಿದ್ದಾರೆ. ಮದುವೆ ನಿಶ್ಚಯವಾಗಿ ಬೇರೆ ಊರಿಗೆ ಹೋಗಬೇಕಾಗಿದೆ. ಹಣ ಕಟ್ಟಿದರೆ ಮಾತ್ರ ಕಾಗದ ಕೊಡುತ್ತೇವೆ ಎನ್ನುತ್ತಾರೆ. (ಓರ್ವ ತಾಯಿ, ಹಾಸನ)

ಉತ್ತರ: ಅಮ್ಮ, ಪ್ರಮಾಣಪತ್ರಗಳು ನಿಮ್ಮ ಮಗಳ ಸ್ವತ್ತು. ಬಾಕಿ ಹಣಕ್ಕಾಗಿ ಇನ್ನೊಬ್ಬರ ಸ್ವತ್ತನ್ನು ತಡೆಹಿಡಿಯುವ ಸಾಮಾನ್ಯ ಹಕ್ಕನ್ನು ಕರಾರು ಕಾಯ್ದೆಯ 171ನೇ ಕಲಂ ಬ್ಯಾಂಕು ಮುಂತಾದ ಕೆಲವರಿಗೆ ಮಾತ್ರ ಕೊಟ್ಟಿದೆ. ಆ ಪಟ್ಟಿಯಲ್ಲಿ ಕೆಲಸ ಕೊಟ್ಟವರು ಇಲ್ಲ. ಆಸ್ಪತ್ರೆಗೆ ನಷ್ಟವಾಗಿದ್ದರೆ ದಾವೆ ಹೂಡಿ ಕೇಳಲಿ. ಓದಿದ ಹುಡುಗಿಯ ಬದುಕನ್ನೇ ಒತ್ತೆಯಿಟ್ಟುಕೊಳ್ಳುವ ಈ ರೂಢಿ ನಿಲ್ಲಲೇಬೇಕು. ನಿಮ್ಮ ಮಗಳು ಮೊದಲು ರಾಜೀನಾಮೆಯನ್ನೂ, ಯಾವ ಯಾವ ಕಾಗದಗಳನ್ನು ಯಾವ ದಿನ ಕೊಟ್ಟಳೆಂಬ ಪಟ್ಟಿಯನ್ನೂ ಲಿಖಿತವಾಗಿ ಕಳಿಸಲಿ. ಕಾಗದ ಪಡೆದದ್ದಕ್ಕೆ ರಸೀದಿ ಇಲ್ಲದಿದ್ದರೆ, ಆಸ್ಪತ್ರೆಯವರ ಜೊತೆ ಈ ಬಗ್ಗೆ ನಡೆದ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ ಇಡಲಿ. ಆಮೇಲೆ ವಕೀಲರ ನೋಟಿಸ್. ಅದಕ್ಕೂ ಬಗ್ಗದಿದ್ದರೆ ಕಾಗದಗಳನ್ನು ಹಿಂದಿರುಗಿಸಲು ಆದೇಶ ಕೋರಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಹಾಸನದ ನ್ಯಾಯಾಲಯ ಸಂಕೀರ್ಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ಬಹುಪಾಲು ಸಂದರ್ಭಗಳಲ್ಲಿ ಪ್ರಾಧಿಕಾರ ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುವ ಹಂತದಲ್ಲೇ ಕಾಗದ ಕೈಸೇರುವುದನ್ನು ಕಂಡಿದ್ದೇನೆ.

ಪ್ರಶ್ನೆ: ಪೀಣ್ಯದ ಕಾರ್ಖಾನೆಯಲ್ಲಿ ಮೂರು ವರ್ಷದ ಅವಧಿಗೆ ನೇಮಕವಾಗಿದ್ದೇನೆ, ಐದು ತಿಂಗಳು ಬಾಕಿ ಇದೆ. ಬೇರೆಡೆ ಸ್ವಲ್ಪ ಹೆಚ್ಚು ಸಂಬಳದ ಕೆಲಸವಿದೆ. ಈಗಲೇ ಬಿಟ್ಟರೆ ಗ್ರಾಚ್ಯುಟಿ ಸಿಗುತ್ತದೆಯೇ? (ಓದುಗ, ಬೆಂಗಳೂರು)

ಉತ್ತರ: ಹೊಸ ಕಾರ್ಮಿಕ ಸಂಹಿತೆಗಳು ಅವಧಿ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಕೊಡುತ್ತವೆ ಎಂದು ನೀವು ಕೇಳಿರುತ್ತೀರಿ. ಆದರೆ ಸಾಮಾಜಿಕ ಭದ್ರತಾ ಸಂಹಿತೆಯ 53ನೇ ಕಲಂನಲ್ಲಿ ಐದು ವರ್ಷದ ಸೇವೆ ಬೇಕೆಂಬ ನಿಯಮವನ್ನು ಸಡಿಲಿಸಿರುವುದು ಕರಾರಿನ ಅವಧಿ ಮುಗಿದಾಗ. ಮಧ್ಯದಲ್ಲಿ ಸ್ವಂತ ಇಚ್ಛೆಯಿಂದ ಬಿಟ್ಟವರ ಹಕ್ಕು ಅಷ್ಟು ಭದ್ರವಲ್ಲ, ಕಾರ್ಖಾನೆ ತಕರಾರು ತೆಗೆಯಲು ಅವಕಾಶವಿದೆ. ನಿಮ್ಮ ವೇತನ ತಿಂಗಳಿಗೆ 26,000 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 26 ದಿನವೆಂದು ಹಿಡಿದು ವರ್ಷಕ್ಕೆ 15 ದಿನದ ಲೆಕ್ಕದಲ್ಲಿ 15,000, ಮೂರು ವರ್ಷಕ್ಕೆ 45,000 ರೂಪಾಯಿ. ಹೊಸ ಕೆಲಸದಿಂದ ಈ ಐದು ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಲಾಭವಿಲ್ಲದಿದ್ದರೆ, ಸೇರುವ ದಿನಾಂಕವನ್ನು ಮುಂದೂಡಲು ಅವರನ್ನು ಕೇಳಿ ನೋಡಿ, ಇಲ್ಲಿನ ಅವಧಿ ಮುಗಿಸಿಯೇ ಹೋಗಿ.